ಗೇಟಿನ ಪಕ್ಕದ ಮಳಿಗೆ

ಮುಂದೆ ಯಾರಾದರೂ ದಾಂಡೇಲಿಯ ಚರಿತ್ರೆಯನ್ನು ಬರೆಯುವುದಾದರೆ ಕಾಡು ಕಡಿದ ವರ್ಷ, ಕಾಗದದ ಕಾರ್ಖಾನೆ ಎದ್ದ ವರ್ಷ, ಕಾಳಿ ನದಿಗೆ ಗೋಡೆ ಕಟ್ಟಿದ ವರ್ಷ ಇಂಥ ಚಿಲ್ಲರೆ ಸಂಗತಿಗಳಿಗೆ ಒಂದೊಂದು ಸಾಲು ಕೊಟ್ಟು, ಇಡೀ ಒಂದು ಅಧ್ಯಾಯವನ್ನು ಈ ಏಪ್ರಿಲ್ ತಿಂಗಳ ಎರಡನೆಯ ರವಿವಾರಕ್ಕೆ ಮೀಸಲಿಡಬೇಕಾಗುತ್ತದೆ. ಅಂದು ಮಧ್ಯಾಹ್ನ ಹನ್ನೆರಡೂಕಾಲಿಗೆ, ನದಿ ದಂಡೆಯ ರೆಸಾರ್ಟೊಂದರ ಅಂಗಳದಲ್ಲಿ, ಬೆಳಗಾವಿಯ ಸಚಿನ ಸಾಹೇಬರ ಕೆಂಪು ಕಾರಿನ ಕಿಂಡಿಯಿಂದ ತಣ್ಣನೆಯ ಗಾಳಿ ಬರುವ ಬದಲು ಬಿಸಿ ಗಾಳಿ ಬಂತು.

ಬಿಸಿ ಗಾಳಿಯೆಂದರೆ ಹೊರಗೆ ಆಗಲೇ ಬೀಸುತ್ತಿದ್ದ, ಎಲ್ಲರಿಗೂ ಪುಕ್ಕಟೆ ಸಿಗುತ್ತಿದ್ದ ಅದೇ ಗಾಳಿ. ಆದರೆ ನೆಲಕ್ಕೆ ಹೊಟ್ಟೆ ತಾಗುವ ಹಾಗೆ ಕೂತ, ಒಳಗೆ ಎರಡೇ ಕುರ್ಚಿಯಿರುವ, ಸ್ಟಾರ್ಟು ಮಾಡಿದರೆ ಮೂರು ಫರ್ಲಾಂಗು ದೂರದ ನಾಯಿಗಳೂ ಎದ್ದು ನಿಲ್ಲುವ ಅಂಥ ಕಾರಿನೊಳಗಿಂದ ಬಂದಾಗ ಅದರ ತೂಕವೇ ಬೇರೆ. ಸಚಿನ ಸಾಹೇಬರು ಬಾವಿಯಿಂದ ಮೇಲೇರುವವರ ಹಾಗೆ ಕಾರಿನಿಂದ ಹೊರಬಂದು ಅಂಗಿಯ ಕಾಲರು ಹಿಡಿದು ಬೀಸಿಕೊಂಡರು. ಮ್ಯಾನೇಜರ್ ನಾಗಲಿಂಗಪ್ಪ ಓಡಿ ಬಂದ. ರೆಸಾರ್ಟಿನ ಮಾಲಕರಾದ ಮಹಾಬಳೇಶ್ವರ ಧಣಿಗಳು ಊಟದ ಎಲೆ ಬಿಟ್ಟು ಎದ್ದು ಬಂದರು. ಅವರು ಹೀಗೆ ಊಟ ಬಿಟ್ಟು ಎದ್ದದ್ದು ಹಿಂದೆ ಒಂದೇ ಸಲ, ತಂದೆ ತೀರಿಕೊಂಡ ಸುದ್ದಿ ಬಂದಾಗ. ಆಗಲೂ ಮಜ್ಜಿಗೆ ಅನ್ನ ಮುಗಿಸಿದ್ದರೆಂದು ನೋಡಿದವರು ಹೇಳುತ್ತಾರೆ.

ಧಣಿಗಳ ಅವಸರಕ್ಕೆ ಕಾರಣವಿತ್ತು. ಸಚಿನ ಸಾಹೇಬರು ಒಬ್ಬರೇ ಬಂದಿರಲಿಲ್ಲ. ಅಂಥವೇ ಐದು ಕಾರುಗಳ ಗುಂಪು ಅದು. ವರ್ಷಕ್ಕೆರಡು ಸಲ ಸೇರಿ ಎಲ್ಲಿಗಾದರೂ ಹೋಗುತ್ತದೆ. ನಾಲ್ಕು ಗಂಟೆಗೆ ಐದೂ ಕಾರುಗಳು ಸಾಲಾಗಿ ಹೊರಟು ಅನಮೋಡ ಘಟ್ಟ ದಾಟಿ ಗೋವೆಗೆ ಇಳಿಯಬೇಕು. ನಾಲ್ಕು ಕಾರುಗಳು ಗಾಜು ಏರಿಸಿಕೊಂಡು ಹೋಗುವಾಗ ಐದನೆಯದು ಗಾಜು ಇಳಿಸಿಕೊಂಡು, ಒಳಗೆ ಕೂತವನ ಬೆವರು ಲೋಕಕ್ಕೆ ಕಾಣುವಂತೆ ಹೋಗುವುದು ಹೇಗೆ? ಅದಕ್ಕಿಂತ ಕಾರು ಹೊತ್ತಿ ಉರಿದಿದ್ದರೂ ಒಂದು ಮರ್ಯಾದೆಯಿತ್ತು. ಮುಂದಿನ ವರ್ಷವೂ ಈ ಗುಂಪು ತಮ್ಮಲ್ಲಿಗೇ ಬರಬೇಕೆಂಬುದು ಧಣಿಗಳ ಆಸೆ.

“ನಾಗಲಿಂಗಪ್ಪಾ, ಆ ಬಸ್‌ಸ್ಟ್ಯಾಂಡ್ ಹಿಂದಿನ ರೋಹಿದಾಸಗ ಫೋನ್ ಹಚ್ಚು,” ಎಂದರು ಧಣಿಗಳು.

ರೋಹಿದಾಸ ಆ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹಿಂದೆ, ಹುಣಸೆ ಮರದ ಕೆಳಗಿನ ತಗಡಿನ ಚಪ್ಪರದಲ್ಲಿ, ಒಂದು ಜೀಪಿನ ಡ್ಯಾಶ್‌ಬೋರ್ಡಿನೊಳಗೆ ತಲೆ ಹಾಕಿ ಕೂತಿದ್ದ. ಹಳಿಯಾಳ ತಾಲೂಕಿನ ಸಿದ್ದಿಗಳ ಕೇರಿಯೊಂದರಲ್ಲಿ ಹುಟ್ಟಿ, ಗೋವೆಯ ಫೋಂಡಾದಲ್ಲಿ ಹನ್ನೊಂದು ವರ್ಷ ಕಾರಿನ ಏಸಿ ಕೆಲಸ ಮಾಡಿ, ಉಸ್ತಾದರು ತೀರಿಕೊಂಡ ಮೇಲೆ ಮರಳಿ ಬಂದವನು. ನಲವತ್ತರ ಹತ್ತಿರದ ವಯಸ್ಸು. ಕೆಲಸದಲ್ಲಿ ಅವನನ್ನು ಮೀರಿಸುವವರು ಹುಬ್ಬಳ್ಳಿಯ ಈಚೆಗೆ ಇರಲಿಲ್ಲ. ಇದು ಅವನಿಗೆ ಗೊತ್ತಿತ್ತು, ಅವನ ಹೆಂಡತಿ ಜೆಸ್ಸಿಕಾಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ಹುಣಸೆ ಮರದ ಕೆಳಗೆ ಕೂತವನ ಹತ್ತಿರ ಜನ ಗಾಡಿ ತರುತ್ತಾರೆ, ನಂಬಿಕೆ ತರುವುದಿಲ್ಲ. ಮಳೆಗಾಲದಲ್ಲಿ ಚಪ್ಪರ ಸೋರಿ ಅವನ ಏಸಿ ಪಂಪಿಗೆ ತುಕ್ಕು ಹಿಡಿಯುತ್ತಿತ್ತು.

ಅವನಿಗೆ ಬೇಕಾದದ್ದು ಒಂದೇ. ರೆಸಾರ್ಟಿನ ಗೇಟಿನ ಪಕ್ಕದಲ್ಲಿ ಷಟರ್ ಇದ್ದ ಒಂದು ಖಾಲಿ ಮಳಿಗೆಯಿತ್ತು. ಗೋವೆಗೆ ಹೋಗುವ ಬರುವ ಗಾಡಿಗಳೆಲ್ಲ ಅದರ ಮುಂದೆಯೇ ಹಾಯಬೇಕು. ಅದನ್ನು ಬಾಡಿಗೆಗೆ ಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದ. ಧಣಿಗಳು ಎರಡು ವರ್ಷದಿಂದ “ನೋಡೂಣು” ಎನ್ನುತ್ತಿದ್ದರು. ಅವರು ಹಾಗೆಂದ ಮೊದಲ ದಿನವೇ ರೋಹಿದಾಸ ಹಳಿಯಾಳದ ಪೇಂಟರನ ಕೈಯಲ್ಲಿ ಬೋರ್ಡು ಬರೆಸಿಟ್ಟಿದ್ದ: ‘ರೋಹಿದಾಸ ಕಾರ್ ಏಸಿ’. ಅಕ್ಷರಗಳ ಸುತ್ತ ಹಿಮದ ಹಳುಕು ಬಿಡಿಸು ಎಂದಿದ್ದ. ಹಿಮ ಕಾಣದ ಪೇಂಟರ ತುಂಬೆ ಹೂ ಬಿಡಿಸಿದ್ದ. ಬೋರ್ಡು ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು.

ನಾಗಲಿಂಗಪ್ಪನ ಫೋನಿನಲ್ಲಿ ಧಣಿಗಳೇ ಮಾತಾಡಿದರು. “ಏ ರೋಹಿದಾಸ, ಲಗೂ ಬಾ. ದೊಡ್ಡ ಗಾಡಿ ಐತಿ. ನಾಕಕ್ಕ ತಂಪ ಆಗಬೇಕು. ಇದೊಂದು ಮಾಡಿಕೊಟ್ಟಿ ಅಂದ್ರ ಗೇಟಿನ ಮಳಿಗಿ ಕೀಲಿ ನಾಳೆ ನಿನ್ನ ಕೈಯಾಗ.”

“ಖರೇ ಅಂತೀರೇನ್ರೀ ಧಣ್ಯಾರ?”

“ನನ್ನ ಬಾಯಿ ಮ್ಯಾಲ ಸಂಶೇ ಏನೋ ನಿಂದು?”

ರೋಹಿದಾಸ ಜೀಪನ್ನು ಅರ್ಧಕ್ಕೇ ಬಿಟ್ಟು, ಗೇಜಿನ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿದ.

*

ಅಂಗಳದಲ್ಲಿ ಕಾರಿನ ಸುತ್ತ ಒಂದು ಸಭೆಯೇ ನೆರೆದಿತ್ತು. ತೋಟದ ಮಾಲಿ, ಅಡುಗೆಯವರು, ಗೇಟಿನವನು, ಎಲ್ಲರೂ. ಏಸಿ ಕೆಟ್ಟರೆ ನಮ್ಮ ಕಡೆ ರೋಗ ಒಂದೇ, ಔಷಧ ಒಂದೇ.

“ಗ್ಯಾಸ್ ಖಾಲಿ ಆಗೇತಿ,” ಎಂದ ನಾಗಲಿಂಗಪ್ಪ.

“ಗ್ಯಾಸ,” ಎಂದ ಮಾಲಿ.

ಸಚಿನ ಸಾಹೇಬರು ತಲೆಯೆತ್ತಿ ಬಂದವನನ್ನು ನೋಡಿದರು. ಗುಂಗುರು ಕೂದಲು, ಕಪ್ಪು ಮೈ. ಅವರ ಮುಖ ಅರಳಿತು. “ಅರೇ, ಮೊನ್ನಿ ರಾತ್ರಿ ಕುಣದವ್ರ ಪೈಕಿ ಅಲ್ಲ ನೀ? ಭಾರೀ ಕುಣೀತೀರಿ ಬಿಡಪಾ.”

“ನಾ ಕುಣಿಯೂದಿಲ್ರೀ ಸರ್. ಏಸಿ ಮೆಕ್ಯಾನಿಕ್.”

“ಬರ್ತೈತಿ ಸರ್ ಇವಂಗ,” ಎಂದು ನಾಗಲಿಂಗಪ್ಪ ಸಮಾಧಾನ ಹೇಳಿದ. “ಡಮಾಮಿ ಭಾಳ ಚೊಲೋ ಬಾರಸ್ತಾನ. ಏನ ಸೊಕ್ಕೋ, ಬರೂದಿಲ್ಲ ಅಷ್ಟ.”

ಈ ಕುಣಿತದ ವಿಷಯವನ್ನು ಹೇಳಿಬಿಡಬೇಕು. ರೆಸಾರ್ಟಿಗೆ ದೊಡ್ಡ ಗಿರಾಕಿ ಬಂದಾಗಲೆಲ್ಲ ಸಿದ್ದಿ ಹೆಣ್ಣುಮಕ್ಕಳು, ಗಂಡಸರು ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ಮುಖಕ್ಕೆ ಬಿಳಿ ಬೊಟ್ಟು ಇಟ್ಟುಕೊಂಡು ಡಮಾಮಿ ಡೋಲು ಬಡಿದು ಕುಣಿಯುತ್ತಾರೆ. ತಂಡ ಕಟ್ಟಿದವಳು ಬಾನು. ರೋಹಿದಾಸನ ನೆರೆಮನೆಯವಳು, ಅವನ ಮದುವೆಯಲ್ಲಿ ಅರಿಷಿಣ ಹಚ್ಚಿದವಳು. ಬಾನುವಿನ ಅಜ್ಜಿ ಗಂಟಿಕ್ಕಿದ ಸೀರೆಯಲ್ಲಿಯೇ ಪುಗಡಿ ಕುಣಿಯುತ್ತಿದ್ದಳು. ಸೊಪ್ಪು ಅವಳು ಎಮ್ಮೆಗೆ ಹಾಕುತ್ತಿದ್ದ ವಸ್ತು. ಅದನ್ನು ಮನುಷ್ಯರ ಸೊಂಟಕ್ಕೆ ತಂದವರು ಮಹಾಬಳೇಶ್ವರ ಧಣಿಗಳು. ಎಲ್ಲೋ ಒಂದು ಚಿತ್ರದಲ್ಲಿ ನೋಡಿದ್ದರಂತೆ. ಗಿರಾಕಿಗಳಿಗೆ ಅದು ಸಾವಿರಾರು ವರ್ಷದ್ದು ಎಂದು ಹೇಳಲಾಗುತ್ತಿತ್ತು. ವಾಸ್ತವವಾಗಿ ಅದು ಏಳು ವರ್ಷದ್ದು, ಈಜುಕೊಳಕ್ಕಿಂತ ಒಂದು ವರ್ಷ ಚಿಕ್ಕದು.

ರೋಹಿದಾಸ ಇದನ್ನೆಲ್ಲ ಬಾಯಿ ಬಿಟ್ಟು ಆಡಿದವನಲ್ಲ. ಬಾನಕ್ಕನ ಮನೆ ಒಲೆ ಅದರಿಂದಲೇ ಉರಿಯುತ್ತದೆಂದು ಅವನಿಗೆ ಗೊತ್ತಿತ್ತು. ಅವನು ಕೇಳಿದ್ದು ಇಷ್ಟೇ: “ಸರ್, ಗಾಡಿ ಓಡಾಗ ತಂಪ ಬರ್ತೈತೇನ್ರೀ? ನಿಂತಾಗ ಅಷ್ಟ ಬಿಸಿನೋ?”

ಸಚಿನ ಸಾಹೇಬರು ಯೋಚಿಸಿದರು. “ಹೌದಲ್ಲೋ. ಮುಂಜಾನೆ ಊರಾಗ ಹೋಗಿ ಬಂದ್ನಿ, ಓಡಾಗ ಪರವಾಗಿಲ್ಲ ಅನಿಸ್ತು. ನಿಂದ್ರಿಸಿದ್ರ ಬೆಂಕಿ.”

“ಹಂಗಾರ ಗ್ಯಾಸ್ ಅಲ್ರೀ.”

ಸಭೆಗೆ ಇದು ಹಿಡಿಸಲಿಲ್ಲ. ಕೈಯಲ್ಲಿದ್ದ ತೀರ್ಪನ್ನು ಹುಣಸೆ ಮರದವನು ಬಂದು ಕಸಿದುಕೊಂಡ ಹಾಗಾಯಿತು. “ಬಾನೆಟ್ ತೆಗದರ ನೋಡ್ಲಾ,” ಎಂದ ನಾಗಲಿಂಗಪ್ಪ. ಸಾಹೇಬರು ಗುಂಡಿ ಒತ್ತಿದರು. ಮುಂದಿನ ಮುಚ್ಚಳ ಎದ್ದಿತು. ಒಳಗೆ ಎಂಜಿನ್ನಿರಲಿಲ್ಲ, ಒಂದು ಚರ್ಮದ ಚೀಲ, ಒಂದು ಜೊತೆ ಬೂಟು, ಅರ್ಧ ತಿಂದ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಇದ್ದವು.

“ಎಂಜಿನ್ನ ಇಲ್ಲಲ್ರೀ ಸರ್!” ನಾಗಲಿಂಗಪ್ಪ ಎದೆ ಮೇಲೆ ಕೈಯಿಟ್ಟುಕೊಂಡ.

“ಹಿಂದ ಇರ್ತೈತೋ ಮಾರಾಯಾ ಇದರಾಗ,” ಎಂದರು ಸಾಹೇಬರು, ಸಂಕಟದ ನಡುವೆಯೂ ಒಂದು ಹೆಮ್ಮೆಯಿಂದ.

ರೋಹಿದಾಸ ಆಗಲೇ ಗೇಜಿನ ನೀಲಿ, ಕೆಂಪು ಕೊಳವೆಗಳನ್ನು ಹಿಡಿದು, ಮುಂದೆಯೇ ಒಂದು ಬದಿಯಲ್ಲಿ ಅಡಗಿದ್ದ ಎರಡು ಸಣ್ಣ ಮೂತಿಗಳನ್ನು ಹುಡುಕಿಕೊಂಡಿದ್ದ. ಇಂಥ ಒಂದು ಗಾಡಿ ಫೋಂಡಾದಲ್ಲಿ ಎರಡು ಸಲ ಅವನ ಕೈಗೆ ಬಂದಿತ್ತು. “ಮೊದಲ ಕೈ ತೊಳಕೋ,” ಎಂದರು ಸಾಹೇಬರು. ತೊಳೆದುಕೊಂಡ. “ಸೋಪ್ ಹಾಕಿ.” ಸೋಪು ಹಾಕಿ ಮತ್ತೊಮ್ಮೆ ತೊಳೆದುಕೊಂಡ. ಗೀರು ಬೀಳಬಾರದೆಂದು ಧಣಿಗಳು ಈಜುಕೊಳದ ಬಿಳಿ ಟಾವೆಲ್ಲುಗಳನ್ನು ತರಿಸಿ ಬಂಪರಿಗೆ ಹೊದಿಸಿದರು.

ಎಂಜಿನ್ ಶುರುವಾಯಿತು. ಗೇಜಿನ ಕೆಂಪು ಮುಳ್ಳು ಏರಿತು, ಏರುತ್ತಲೇ ಹೋಯಿತು. ಗ್ಯಾಸು ಕಡಿಮೆಯಿದ್ದರೆ ಅದು ಏಳುತ್ತಲೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಂಪ್ರೆಸರ್ ತಾನಾಗಿ ‘ಟಕ್’ ಎಂದು ನಿಂತಿತು. ರೋಹಿದಾಸ ಕೊಳವೆಯೊಂದನ್ನು ಬೆರಳ ಹಿಂಬದಿಯಿಂದ ಮುಟ್ಟಿ ಕೈ ಹಿಂತೆಗೆದ. ಗ್ಯಾಸು ತುಂಬಿಯೇ ಇದೆ. ಒಳಗಿನ ಸೆಕೆಯನ್ನು ಹೊತ್ತು ತಂದಿದೆ. ಅದನ್ನು ಹೊರಗೆ ಎಸೆಯುವ ಜಾಗ ಎಲ್ಲೋ ಮುಚ್ಚಿದೆ. ಅವನು ನೆಲಕ್ಕೆ ಬಗ್ಗಿ ಮೊದಲು ಬಲಗಡೆಯ ಚಕ್ರದ ಮುಂದೆ ಕಿವಿಯಿಟ್ಟ. ಫ್ಯಾನಿನ ಸದ್ದು ಕೇಳಿತು. ಎಡಗಡೆಗೆ ಬಂದು ಕಿವಿಯಿಟ್ಟ. ಸದ್ದಿಲ್ಲ.

“ನಮಾಜ್ ಮಾಡಾಕತ್ತಾನೇನ್ರೀ ಇವಾ?” ಎಂದ ಅಡುಗೆಯವರಲ್ಲಿ ಒಬ್ಬ. ಸಭೆ ನಕ್ಕಿತು.

ಇಷ್ಟರಲ್ಲಿ ಸಾಹೇಬರು ಆಗಿನಿಂದ ಹಚ್ಚುತ್ತಿದ್ದ ಫೋನು ತಾಗಿತು. ದೊಡ್ಡ ಊರಿನ ಶೋರೂಮಿನ ಎಂಜಿನಿಯರು ವೀಡಿಯೋದಲ್ಲಿ ಬಂದರು. ಇಸ್ತ್ರಿಯ ಅಂಗಿ, ಹಿಂದೆ ಬಿಳಿ ಗೋಡೆ, ಆ ಗೋಡೆಯೇ ತಂಪು ಸೂಸುವಂತಿತ್ತು.

“ಸರ್, ಲಕ್ಷಣ ನೋಡಿದ್ರೆ ಕಂಪ್ರೆಸರ್ ಹೋಗಿದೆ. ಲೋಕಲ್ ಮೆಕ್ಯಾನಿಕ್ ಹತ್ರ ಮುಟ್ಟಿಸಬೇಡಿ. ಗಾಡಿನ ಲಾರಿ ಮೇಲೆ ಕಳಿಸಿ.”

ಲಾರಿ ಎಂಬ ಮಾತಿಗೆ ಸಾಹೇಬರ ಮುಖ ಬಿಳಿಚಿಕೊಂಡಿತು. ಗಾಜು ಇಳಿಸಿದ ಕಾರಿಗಿಂತ ಲಾರಿ ಏರಿದ ಕಾರು ಇನ್ನೂ ಕೆಟ್ಟದ್ದು.

“ಕಂಪ್ರೆಸರ್ ಬರೋಬರಿ ಐತ್ರಿ,” ಎಂದ ರೋಹಿದಾಸ ನೆಲದಿಂದಲೇ. “ಎಡಗಡೆ ಫ್ಯಾನ್ ತಿರಗವಲ್ದು.”

“ಯಾರು ಸರ್ ಅದು ಮಾತಾಡ್ತಿರೋದು?”

“ಇಲ್ಲೇ ಒಬ್ಬ ಅದಾನ್ರಿ.”

“ಸರಿ, ಆ ಹೆಲ್ಪರ್‌ಗೆ ಫೋನ್ ಕೊಡಿ. ಕ್ಯಾಮೆರಾ ಮುಂದೆ ಹಿಡ್ಕೊಳ್ಳಕ್ಕೆ ಹೇಳಿ.”

ಹೀಗೆ ರೋಹಿದಾಸ ತಾನು ಕಂಡುಹಿಡಿದ ದೋಷವನ್ನು ಎಡಗೈಯಲ್ಲಿ ಫೋನು ಹಿಡಿದು ಎಂಜಿನಿಯರಿಗೆ ತೋರಿಸುತ್ತ, ಬಲಗೈಯಲ್ಲಿ ರಿಪೇರಿ ಮಾಡತೊಡಗಿದ. ಬಂಪರಿನ ಎಡ ಮೂಲೆಯ ಜಾಳಿಗೆಯನ್ನು ಒಂದು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿದ. “ನಿಧಾನ, ನಿಧಾನ,” ಎಂದರು ಎಂಜಿನಿಯರು. ಅವನು ನಿಧಾನವಾಗಿಯೇ ಇದ್ದ. “ಈಗ ಹೊರಗೆ ಎಳೆಯೋಕೆ ಹೇಳಿ ಸರ್,” ಎಂದರು. ಅವನು ಆಗಲೇ ಎಳೆದಿದ್ದ.

ಜಾಳಿಗೆಯ ಹಿಂದೆ ಸೆಕೆ ಹೊರಹಾಕುವ ಕಂಡೆನ್ಸರ್ ಕಾಣಬೇಕಿತ್ತು. ಕಂಡದ್ದು ಸೊಪ್ಪು. ಒಣಗಿ ಸುರುಟಿದ ಮಾವಿನೆಲೆಗಳು ಇಟ್ಟಿಗೆಯ ಹಾಗೆ ಒತ್ತಿ ತುಂಬಿದ್ದವು. ಅವನು ಒಂದೊಂದೇ ಹಿಡಿ ತೆಗೆದ. ಕೊನೆಗೆ ಒಂದು ಸುತಳಿ ಸಿಕ್ಕಿತು. ಅದು ಫ್ಯಾನಿನ ನಡುಗಂಬಕ್ಕೆ ಆರೇಳು ಸುತ್ತು ಬಿಗಿದುಕೊಂಡಿತ್ತು. ಸುತಳಿಯ ತುದಿಯಲ್ಲೊಂದು ಗಂಟು. ಎರಡು ಸುತ್ತು ಹಾಕಿ ಒಳಗಿನಿಂದ ಎಳೆದ ಗಂಟು.

ರೋಹಿದಾಸ ಅದನ್ನು ಬೆರಳಿನಿಂದ ತಿರುವಿ ನೋಡಿದ. ಬಾನಕ್ಕನ ಗಂಟು ಅದು. ಹುಲ್ಲಿನ ಹೊರೆಗೆ, ಕೋಳಿಯ ಕಾಲಿಗೆ, ಚೀಲದ ಬಾಯಿಗೆ, ಕೇರಿಯಲ್ಲಿ ಅವಳು ಕಟ್ಟಿದ್ದೆಲ್ಲಕ್ಕೂ ಅದೇ ಗಂಟು. ಅದು ತಾನಾಗಿ ಬಿಚ್ಚಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಬಿಚ್ಚಲಾರದೆ ಅವನೀಗ ಚಾಕು ತೆಗೆದು ಸುತಳಿ ಕೊಯ್ದ.

ಸುಟ್ಟ ಫ್ಯೂಸು ಬದಲಿಸುವುದು ಎರಡು ನಿಮಿಷದ ಕೆಲಸ. ಕಾರಿನ ಫ್ಯೂಸಿನ ಡಬ್ಬಿಯಲ್ಲೇ ಬೇರೊಂದು ಇತ್ತು. ಮೆತ್ತಗಿನ ಬ್ರಶ್ಶಿನಿಂದ ಕಂಡೆನ್ಸರಿನ ಧೂಳು ಬಿಡಿಸಿ, ಮೇಲಿಂದ ನೀರು ಬಿಟ್ಟ. ಮತ್ತೆ ಶುರು ಮಾಡಿಸಿದ. ಎಡಗಡೆಯ ಫ್ಯಾನು ಗಂಟಲು ಸರಿಪಡಿಸಿಕೊಂಡು ಹಾಡಲಾರಂಭಿಸಿತು. ಕೆಂಪು ಮುಳ್ಳು ಇಳಿದು ತನ್ನ ಜಾಗದಲ್ಲಿ ನಿಂತಿತು. ಅವನು ಪೆಟ್ಟಿಗೆಯಿಂದ ಥರ್ಮಾಮೀಟರು ತೆಗೆದು ಕಿಂಡಿಯಲ್ಲಿ ಸಿಕ್ಕಿಸಿದ. ಇಪ್ಪತ್ತೆಂಟು. ಹತ್ತೊಂಬತ್ತು. ಹನ್ನೆರಡು. ಎಂಟು.

“ಬಂತು!” ಸಚಿನ ಸಾಹೇಬರು ಕಿಂಡಿಗೆ ಕೆನ್ನೆಯೊಡ್ಡಿದರು. “ಬಂತ್ರೀ, ತಂಪ ಬಂತು!”

“ನಾನು ಇಲ್ಲಿಂದ ಗೈಡ್ ಮಾಡಿದ್ದು ವರ್ಕ್ ಆಗಿದೆ ಸರ್,” ಎಂದರು ಎಂಜಿನಿಯರು. “ಸದ್ಯಕ್ಕೆ ನಡೆಯುತ್ತೆ. ಒಂದ್ಸಲ ಶೋರೂಮಿಗೆ ತನ್ನಿ.”

“ಥ್ಯಾಂಕ್ಸ್ ರೀ, ಭಾಳ ಉಪಕಾರ ಆತು ನಿಮ್ಮಿಂದ,” ಎಂದು ಸಾಹೇಬರು ಫೋನಿಗೆ ಕೈಮುಗಿದರು. ಫೋನು ಇನ್ನೂ ರೋಹಿದಾಸನ ಎಡಗೈಯಲ್ಲೇ ಇದ್ದುದರಿಂದ ದೂರದಿಂದ ನೋಡಿದವರಿಗೆ ಅವನಿಗೇ ಮುಗಿದಂತೆ ಕಂಡಿರಬೇಕು.

ಇಲ್ಲಿಗೆ ಮುಗಿದಿದ್ದರೆ ಮರುದಿನ ಕೀಲಿ ಅವನ ಕೈಗೆ ಬರುತ್ತಿತ್ತು. ಆದರೆ ಫೋಂಡಾದ ಉಸ್ತಾದರು ಅವನಿಗೆ ಕೆಲಸದ ಜೊತೆ ಒಂದು ಚಟವನ್ನೂ ಕಲಿಸಿದ್ದರು. ರಿಪೇರಿ ಮುಗಿದ ಮೇಲೆ ಗಾಡಿಯಿಂದ ತೆಗೆದದ್ದೇನೇ ಇರಲಿ, ಸುಟ್ಟ ತಂತಿ, ಸತ್ತ ಇಲಿ, ಹರಿದ ಬೆಲ್ಟು, ಅದನ್ನು ಮಾಲಕನ ಕೈಯಲ್ಲಿಡಬೇಕು. ಯಾಕೆ ಕೆಟ್ಟಿತೆಂದು ಮುಖ ನೋಡಿ ಹೇಳಬೇಕು. ಹೇಳದವನಿಗೆ ಉಸ್ತಾದರು ಆ ದಿನ ಚಹಾ ಕೊಡುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ರೋಹಿದಾಸನ ಚಹಾ ಒಂದು ದಿನವೂ ತಪ್ಪಿರಲಿಲ್ಲ.

ಅವನು ಫೋನು ಮರಳಿಸಿ, ಸೊಪ್ಪಿನ ಮುದ್ದೆಯನ್ನು, ಗಂಟಿನ ಸುತಳಿಯನ್ನು ಎರಡೂ ಕೈಯಲ್ಲಿ ಹಿಡಿದು ಸಾಹೇಬರ ಮುಂದೆ ಚಾಚಿದ.

“ಏನಿದು?” ಎಂದರು ಸಾಹೇಬರು.

ಅಂಗಳದ ತುಂಬ ಸಾಗವಾನಿ ಎಲೆ ಬಿದ್ದಿತ್ತು. ಕಾಡಿನ ಎಲೆ ಸರ್, ಗಾಳಿಗೆ ಹೊಕ್ಕೈತಿ ಎಂದರೆ ಮುಗಿಯುತ್ತಿತ್ತು. ಕಾಡು ಬಂದು ಅಲ್ಲವೆನ್ನುತ್ತಿರಲಿಲ್ಲ. ಕಾಡಿಗೆ ಯಾವ ಮಳಿಗೆಯೂ ಬೇಕಾಗಿರಲಿಲ್ಲ. ಧಣಿಗಳು ಸಾಹೇಬರ ಬೆನ್ನ ಹಿಂದಿನಿಂದ ಕಣ್ಣರಳಿಸಿ, ಬೇಡವೆಂದು ತುಸುವೇ ತಲೆಯಾಡಿಸಿದರು. ರೋಹಿದಾಸ ಅದನ್ನು ಕಂಡ. ಕಂಡೂ, ಮೆಕ್ಯಾನಿಕ್ ಆಗಿಯೇ ಮಾತಾಡಿದ.

“ಇದು ಕುಣಿಯಾವ್ರು ಉಡೂ ಸೊಪ್ಪ ಸರ್. ಮೊನ್ನಿ ರಾತ್ರಿ ನಿಮ್ಮ ಗಾಡಿಗೆ ಇದನ್ನ ಉಡಿಸ್ಯಾರ್ರೀ. ಎಲಿ ಉದುರಿ ಒಳಗ ಹೋಗ್ಯಾವ, ಸುತಳಿ ಫ್ಯಾನಿಗೆ ಸುತ್ತೇತಿ, ಫ್ಯಾನ್ ಬಿಗದು ಫ್ಯೂಸ್ ಸುಟ್ಟೈತಿ. ಕಾರಣ ಇದ ಸರ್. ಗಾಡಿ ಮೂತಿಗೆ ಮತ್ತ ಏನೂ ಕಟ್ಟಸಬ್ಯಾಡ್ರಿ.”

ನಡೆದದ್ದೂ ಹಾಗೆಯೇ. ಮೊನ್ನೆ ರಾತ್ರಿ ಸ್ವಾಗತದ ಹೊತ್ತಿಗೆ ಮಹಾಬಳೇಶ್ವರ ಧಣಿಗಳಿಗೆ ಒಂದು ಹೊಳಹು ಬಂದಿತ್ತು: ಮನುಷ್ಯರಿಗೆ ಮಾತ್ರ ಏಕೆ, ಕಾರಿಗೂ ಸೊಪ್ಪು ಉಡಿಸೋಣ, ವೀಡಿಯೋ ಚೆನ್ನಾಗಿ ಬರುತ್ತದೆ. ನಾಗಲಿಂಗಪ್ಪ ಬಾನುವಿನ ಬುಟ್ಟಿಯಿಂದ ಒಂದು ಸೊಪ್ಪಿನ ಲಂಗ ಎತ್ತಿ, ಕಾರಿನ ಮೂತಿಗೆ ಎರಡೂ ಬದಿಯಿಂದ ಸಿಕ್ಕಿಸಿದ್ದ. ಸಚಿನ ಸಾಹೇಬರು ಕುಣಿಯುವವರ ನಡುವೆ ಕಾರನ್ನು ಮೂರು ಸುತ್ತು ತಿರುಗಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ವೀಡಿಯೋ ಮರುದಿನವೇ ರೋಹಿದಾಸನ ಫೋನಿಗೂ ಬಂದಿತ್ತು. ಲಂಗ ಎಲ್ಲಿ ಹೋಯಿತೆಂದು ಆಮೇಲೆ ಯಾರೂ ಕೇಳಿರಲಿಲ್ಲ, ಬಾನುವಿನ ಹೊರತು.

ಸಾಹೇಬರು ಧಣಿಗಳ ಕಡೆಗೆ ತಿರುಗಿದರು. “ಅಂದ್ರ ನಿಮ್ಮಿಂದನ ಆತು ಇದು?”

ಧಣಿಗಳು ನಾಗಲಿಂಗಪ್ಪನನ್ನು ನೋಡಿದರು. ನಾಗಲಿಂಗಪ್ಪನಿಗೆ ನೋಡಲು ಕೆಳಗೆ ಇನ್ನೊಬ್ಬರು ಬೇಕಾಗಿದ್ದರು.

“ಆ ಹೆಣ್ಮಕ್ಳ ಗಂಟ ಸಡಲ ಕಟ್ಟಿರ್ತಾರ್ರೀ ಸರ್,” ಎಂದ. “ಎಷ್ಟ ಸಲ ಹೇಳೇನಿ, ಬಿಗಿ ಕಟ್ಟರಿ ಅಂತ. ಕರಸ್ತೇನಿ ತಡೀರಿ.”

ಬಾನು ಅಡುಗೆಮನೆಯ ಹಿಂದಿನಿಂದ ಬಂದಳು. ಸಂಜೆಯ ಇನ್ನೊಂದು ಗುಂಪಿಗಾಗಿ ಸೊಪ್ಪು ಕಟ್ಟುತ್ತಿದ್ದವಳು, ಹೆಗಲ ಮೇಲೆ ಸುತಳಿಯ ಉಂಡೆ ಹಾಗೆಯೇ ಇತ್ತು. ಐವತ್ತು ದಾಟಿದ, ಗಟ್ಟಿ ಎಲುಬಿನ ಹೆಂಗಸು. ಧಣಿಗಳು ಇಷ್ಟು ಹೊತ್ತು ನುಂಗಿದ್ದನ್ನೆಲ್ಲ ಅವಳ ಮೇಲೆ ಕಾರಿದರು.

“ಏನ ಕಟ್ಟೀದಿ ಬಾನೂ? ಸಾಹೇಬ್ರ ಗಾಡಿ ಹಾಳ ಮಾಡಿದ್ಯಲ್ಲ! ನೆಟ್ಟಗೊಂದು ಗಂಟ ಹಾಕಾಕ ಬರೂದಿಲ್ಲ ನಿನಗ?”

ಬಾನು ಕಾರನ್ನು ನೋಡಿದಳು, ರೋಹಿದಾಸನ ಕೈಯನ್ನು ನೋಡಿದಳು. “ನನ್ನ ಗಂಟ ಬಿಚ್ಚೈತೇನ್ರೀ ಧಣ್ಯಾರ? ಅಲ್ಲೇ ಐತಿ ನೋಡ್ರಿ, ಚಾಕೂಲೇ ಕೊಯ್ದಾರ. ನಡಕ್ಕ ಕಟ್ಟೂದು ನಾ ಕಟ್ಟೇನಿ. ಗಾಡಿಗೆ ಕಟ್ಟಂದಾವ್ರ ಯಾರು, ಕಟ್ಟಿದಾವ್ರ ಯಾರು?”

“ಎದರ ಮಾತಾಡಬ್ಯಾಡ,” ಎಂದ ನಾಗಲಿಂಗಪ್ಪ.

“ಎದರ ಅಲ್ಲಪಾ, ಎರಡ ದಿನದಿಂದ ನಂದೊಂದು ಲಂಗ ಎಲ್ಲಿ ಅಂತ ಕೇಳಾಕತ್ತೇನಿ ನಿನ್ನ. ನಾಯಿ ಒಯ್ದೈತಿ ಅಂದಿ. ಭಾರೀ ಬೆಲೀ ನಾಯಿ ಐತಿ ಬಿಡು ಇದು.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಧಣಿಗಳ ಕಿವಿ ಕೆಂಪಾಯಿತು. “ಸಾಕು. ಇವತ್ತ ಸಂಜಿ ಕುಣಿತ ಬ್ಯಾಡ. ಹೋಗ ಎಲ್ಲಾರನ್ನೂ ಕರಕೊಂಡು.”

“ಧಣ್ಯಾರ, ಬಾನಕ್ಕಂದು ತಪ್ಪಿಲ್ರೀ,” ಎಂದ ರೋಹಿದಾಸ. “ಗಂಟ ಬಿಗೀನ ಇತ್ತು. ಅದಕ್ಕ ಫ್ಯಾನ್ ನಿಂತಿದ್ದು.”

“ನಿನ್ನ ಯಾರ ಕೇಳಿದ್ರು?” ಎಂದರು ಧಣಿಗಳು. ಮೃದುವಾಗಿಯೇ ಕೇಳಿದರು. ಅದು ನಿಜವೂ ಆಗಿತ್ತು, ಯಾರೂ ಕೇಳಿರಲಿಲ್ಲ.

ಸಚಿನ ಸಾಹೇಬರ ಕೋಪ ಅಷ್ಟರಲ್ಲಿ ತಣ್ಣಗಾಗಿತ್ತು, ಕಾರಿನ ಬಾಗಿಲು ತೆರೆದಿದ್ದುದರಿಂದ. ಅವರು ರೋಹಿದಾಸನ ಹೆಗಲು ತಟ್ಟಿದರು. “ಹೋಗಲಿ ಬಿಡ್ರಿ. ಏ, ನೀ ಆ ಸೊಪ್ಪ ಹಂಗ ಹಿಡಕೊಂಡು ಗಾಡಿ ಮುಂದ ನಿಂದ್ರು. ಒಂದ ಫೋಟೋ.”

ಅವನು ಸರಿಯಬೇಕೆನ್ನುವುದರೊಳಗೆ ಫೋಟೋ ಆಗಿತ್ತು.

ನಾಲ್ಕು ಗಂಟೆಗೆ ಐದು ಕಾರುಗಳು ಗಾಜು ಏರಿಸಿಕೊಂಡು, ಜೋಯಿಡಾದ ದಾರಿ ಹಿಡಿದು ಅನಮೋಡದ ಕಡೆಗೆ ಹೋದವು. ಐದನೆಯದರ ಗಾಜಿನ ಮೇಲೆ ಒಳಗಿನ ತಂಪಿಗೆ ಸಣ್ಣಗೆ ಮಂಜು ಕಟ್ಟಿತ್ತು. ಅದನ್ನು ನೋಡಿ ಸಂತೋಷಪಡುವಷ್ಟು ಒಳ್ಳೆಯ ಕೆಲಸಗಾರ ರೋಹಿದಾಸ. ಒಂದು ಗಳಿಗೆ ಪಟ್ಟ.

ಗೇಟಿನ ಹತ್ತಿರ ಬಾನು, ಅವಳ ತಂಡದವರು ಬಸ್ಸಿಗೆ ಕಾಯುತ್ತ ನಿಂತಿದ್ದರು. ಅವನು ಬೈಕು ನಿಲ್ಲಿಸಿದ.

“ಬಾನಕ್ಕ, ನಾ ಖರೇ ಇದ್ದದ್ದ ಹೇಳ್ದೆ.”

“ಹೌದಪಾ.”

“ನಿನ್ನ ಹೆಸರ ನಾ ತಗೀಲಿಲ್ಲ.”

“ನನ್ನ ಸೊಪ್ಪ ಕೈಯಾಗ ಹಿಡಕೊಂಡ ನಿಂತಿ,” ಎಂದಳು ಬಾನು. “ಹೆಸರ ಬ್ಯಾರೆ ತಗೀಬೇಕೇನ ಅದಕ್ಕ? ಎಲಿ ಅಂದಿದ್ರ ಸಾಕಿತ್ತು ರೋಹಿದಾಸಾ. ಎಲಿನ ಅಲ್ಲೇನ ಅದು?”

ಬಸ್ಸು ಬಂತು. ಅವಳು ಹತ್ತಿದಳು. ಡಮಾಮಿಯನ್ನು ಕಿಟಕಿಯಿಂದ ಒಳಗೆ ಕೊಡಲು ಅವನು ಕೈ ಹಚ್ಚಿದ, ಒಳಗಿದ್ದವರು ತೆಗೆದುಕೊಂಡು ಗಾಜು ಎಳೆದರು.

ರಾತ್ರಿ ಜೆಸ್ಸಿಕಾ ಫೋನಿನಲ್ಲಿ ಸಾಹೇಬರು ಹಾಕಿದ್ದ ಫೋಟೋ ತೋರಿಸಿದಳು. ಕೆಂಪು ಕಾರಿನ ಮುಂದೆ ರೋಹಿದಾಸ ಎರಡೂ ಕೈಯಲ್ಲಿ ಸೊಪ್ಪು ಹಿಡಿದು ನಿಂತಿದ್ದ. ದಟ್ಟ ಕಾಡಿನಲ್ಲಿ ಕಾರು ಕೆಟ್ಟಾಗ ದೂರದಿಂದಲೇ ಸರಿಪಡಿಸಿಕೊಟ್ಟ ಶೋರೂಮಿನ ಎಂಜಿನಿಯರಿಗೆ ಕೃತಜ್ಞತೆ ಎಂದು ಕೆಳಗೆ ಬರೆದಿತ್ತು. ಫೋಟೋದಲ್ಲಿರುವವರು ಸ್ಥಳೀಯ ನರ್ತಕರು ಎಂದೂ ಬರೆದಿತ್ತು. ಒಬ್ಬನೇ ಇದ್ದರೂ ಬಹುವಚನ ಹಾಕಿದ್ದರು, ಗೌರವಕ್ಕಿರಬೇಕು. ಚಿಗಳ್ಳಿಯ ಬೀಗರು, ಮಳಗಿಯ ಗೆಳೆಯರು ಎಲ್ಲರೂ ಹೆಬ್ಬೆರಳು ಒತ್ತಿದ್ದರು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ರೋಹಿದಾಸ ರೆಸಾರ್ಟಿಗೆ ಹೋದ. ಬೋರ್ಡು ತರಲಿಲ್ಲ, ಅಷ್ಟು ತಿಳಿವಳಿಕೆ ಇತ್ತು. ಧಣಿಗಳು ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಅವನಿಗೂ ಒಂದು ಕಪ್ಪು ಕೊಡಿಸಿದರು.

“ನಿನ್ನ ಮಾತ ಖರೇ ಐತಿ ನೋಡು,” ಎಂದರು. “ರಾತ್ರೆಲ್ಲಾ ವಿಚಾರ ಮಾಡಿದ್ನಿ. ಸೊಪ್ಪ ಅಂದ್ರ ಉದರೂದ. ಇನ್ನೊಂದ ಗಾಡಿಗೆ ಹಿಂಗ ಆದ್ರ ನಮ್ಮ ಹೆಸರ ಹೋತು. ಅದಕ್ಕ ಪ್ಲಾಸ್ಟಿಕ್ ಎಲಿ ತರಸಾಕ ಹೇಳೇನಿ. ತೊಳದ ಇಟ್ರ ಹತ್ತ ವರ್ಷ ಬರ್ತಾವಂತ. ನೀ ಹೇಳದಿದ್ರ ಹೊಳೀತಿರಲಿಲ್ಲ ಬಿಡು.”

“ಧಣ್ಯಾರ, ಮಳಿಗಿ...”

“ಅದ ಹೇಳಾಕ ಹೊಂಟೇನಿ. ಪ್ಲಾಸ್ಟಿಕ್ ಇಡಾಕ ಒಣಾ ಜಾಗಾ ಬೇಕಲ್ಲೋ. ಇಲಿ ಹೊಗಬಾರದು, ಬಿಸಲ ಬೀಳಬಾರದು, ಷಟರ್ ಇರಬೇಕು.” ಧಣಿಗಳು ಬಶಿಯಲ್ಲಿ ಉಳಿದ ಚಹಾವನ್ನು ಹೀರಿದರು. “ನಿನಗ ಮತ್ತೊಂದ ಎಲ್ಲೆರೆ ನೋಡೂಣು.”

ರೋಹಿದಾಸ ಚಹಾ ಮುಗಿಸಿ, ಕಪ್ಪನ್ನು ತಾನೇ ತೊಳೆದಿಟ್ಟು ಬಂದ. ಹುಣಸೆ ಮರದ ಕೆಳಗೆ ಜೀಪು ಅರ್ಧ ಬಿಚ್ಚಿದಂತೆಯೇ ನಿಂತಿತ್ತು.

ಹತ್ತು ದಿನದ ಮೇಲೆ ಪಾರ್ಸಲು ಬಂತು. ಕುಣಿತ ಮತ್ತೆ ಶುರುವಾಯಿತು. ಗೇಟಿನ ಪಕ್ಕದ ಮಳಿಗೆಯಲ್ಲಿ ಈಗ ಹದಿನಾರು ಪ್ಲಾಸ್ಟಿಕ್ ಸೊಪ್ಪಿನ ಲಂಗಗಳಿವೆ. ಕೀಲಿ ಬಾನುವಿನ ಹತ್ತಿರ ಇರುತ್ತದೆ.